ಲೇಖನಿ ಹಿಡಿದ ಕೈ, ನಡೆಯುವ ಕಾಲು

ಸಾಹಿತಿ ಎಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವ ಚಿತ್ರವೊಂದುಂಟು. ಬಾಗಿದ ಬೆನ್ನು, ದಪ್ಪ ಗಾಜಿನ ಕನ್ನಡಕ, ಮೇಜಿನ ಮೇಲೆ ಆರಿ ತಣ್ಣಗಾದ ಕಾಫಿ, ನಿದ್ರೆಗೆಟ್ಟು ಕೆಂಪಾದ ಕಣ್ಣು. ಕಥೆ ಕಾದಂಬರಿಗಳೂ ಚಲನಚಿತ್ರಗಳೂ ಈ ಚಿತ್ರವನ್ನು ತಿದ್ದಿ ತೀಡಿ ನಮ್ಮ ಮನಸ್ಸಿನಲ್ಲಿ ನೆಲೆಗೊಳಿಸಿವೆ. ಕವಿಯಾದವನು ಕೃಶನಾಗಿರಬೇಕು, ಚಿಂತಕನಾದವನಿಗೆ ಅಜೀರ್ಣವಿರಬೇಕು, ದೇಹವನ್ನು ಮರೆತವನೇ ನಿಜವಾದ ಬರಹಗಾರ ಎಂಬಂತಹ ನಂಬಿಕೆಯೊಂದು ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ನಂಬಿಕೆಯನ್ನು ನಾವು ಒಪ್ಪುವವರಲ್ಲ. ಅದು ಸುಳ್ಳು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಇದು ದೊಡ್ಡ ಸಾಹಿತಿಗಳಿಗಷ್ಟೇ ಸಂಬಂಧಿಸಿದ ವಿಷಯವೆಂದು ಓದುಗರು ಭಾವಿಸಬೇಕಾಗಿಲ್ಲ. ನಮ್ಮ ಕುಟುಂಬಗಳಲ್ಲಿ ಬರೆಯುವವರು ಅನೇಕರಿದ್ದಾರೆ. ನಿವೃತ್ತರಾದ ಶಿಕ್ಷಕರೊಬ್ಬರು ತಮ್ಮ ಊರಿನ ಇತಿಹಾಸವನ್ನು ಬರೆಯಲು ಕೂಡುತ್ತಾರೆ. ಅಲ್ಲಿಯವರೆಗೆ ಮೂವತ್ತು ವರ್ಷ ಸೈಕಲ್ಲು ತುಳಿದು ಶಾಲೆಗೆ ಹೋಗಿದ್ದವರು, ಇಡೀ ದಿನ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದ್ದವರು, ಈಗ ಬೆಳಗಿನ ಎಂಟರಿಂದ ರಾತ್ರಿಯ ಹತ್ತರವರೆಗೆ ಕುರ್ಚಿಯನ್ನು ಬಿಟ್ಟೇಳುವುದಿಲ್ಲ. ಮನೆಯವರಿಗೂ ಹೆಮ್ಮೆ: "ಅವರು ಬರೆಯಾಕ ಕುಂತಾರ, ಮಾತಾಡಿಸಬ್ಯಾಡ್ರಿ." ಎರಡು ವರ್ಷ ಕಳೆಯುವುದರೊಳಗೆ ಕತ್ತು ನೋವು, ಸೊಂಟ ನೋವು, ಜೊತೆಗೆ ಸಕ್ಕರೆ ಕಾಯಿಲೆ. ಇಂಥವರನ್ನು ನಾವು ಒಬ್ಬಿಬ್ಬರಲ್ಲ, ಹಲವರನ್ನು ಕಂಡಿದ್ದೇವೆ. ಜೀವಮಾನವಿಡೀ ಸಂಗ್ರಹಿಸಿದ ಸಾಮಗ್ರಿ ಟ್ರಂಕಿನಲ್ಲಿಯೇ ಉಳಿದು, ಪುಸ್ತಕವು ಅರ್ಧಕ್ಕೆ ನಿಂತುಹೋದ ಮನೆಗಳೂ ಉಂಟು. ಹೋದವರ ದುಃಖ ಒಂದು ಕಡೆ, ಅವರೊಡನೆ ಹೋದ ತಿಳಿವಳಿಕೆಯ ನಷ್ಟ ಇನ್ನೊಂದು ಕಡೆ.

ಕುಳಿತು ಬರೆಯುವುದು ಒಂದು ಕಸುಬು, ಆ ಕಸುಬಿಗೆ ತನ್ನದೇ ಆದ ರೋಗಗಳಿವೆ ಎಂದು ಗುರುತಿಸಿದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾತ್ಸೀನಿ. ಕಸುಬುದಾರರ ರೋಗಗಳನ್ನು ಕುರಿತ ಅವನ ಗ್ರಂಥವು 1700ರಲ್ಲಿ ಮೊದಲು ಅಚ್ಚಾಯಿತು. ಗಣಿ ಕೆಲಸದವರು, ಕುಂಬಾರರು, ಅಗಸರು ಮೊದಲಾದವರ ಬಳಿಗೆ ತಾನೇ ಹೋಗಿ, ಅವರ ಬೇನೆಗಳನ್ನು ಕೇಳಿ ಬರೆದ ಪುಸ್ತಕವದು. 1713ರಲ್ಲಿ ಅದನ್ನು ವಿಸ್ತರಿಸಿದಾಗ ಲಿಪಿಕಾರರಿಗೂ ಪತ್ರಬರಹಗಾರರಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಅವರ ರೋಗಗಳಿಗೆ ಅವನು ಹೇಳಿದ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಸದಾ ಆಡಿಸುತ್ತಿರುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿದಿರುವುದು. ತನಗೆ ಪರಿಚಿತನಾದ ಬರಹಗಾರನೊಬ್ಬನ ಬಲಗೈ ಸೋತುಹೋಗಲು, ಅವನು ಎಡಗೈಯಿಂದ ಬರೆಯಲು ಕಲಿತನೆಂದೂ, ಕೆಲಕಾಲದಲ್ಲಿ ಆ ಕೈಗೂ ಅದೇ ಗತಿಯಾಯಿತೆಂದೂ ಅವನು ದಾಖಲಿಸಿದ್ದಾನೆ. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದ ಮಾತಿದು. ಇಂದು ಕೀಲಿಮಣೆಯನ್ನು ಒತ್ತುವವರಿಗೂ, ಮೊಬೈಲಿನ ಮೇಲೆ ಹೆಬ್ಬೆರಳಾಡಿಸುವವರಿಗೂ ಆ ಮೂರು ಕಾರಣಗಳು ಒಂದಕ್ಷರವೂ ಬದಲಾಗದೆ ಅನ್ವಯಿಸುತ್ತವೆ.

ಕುಳಿತಿರುವುದು ಹೃದಯಕ್ಕೆ ಎಷ್ಟರಮಟ್ಟಿಗೆ ಹಾನಿಕರವೆಂಬುದು ತಿಳಿಯಲು ಮತ್ತೂ ಎರಡೂವರೆ ಶತಮಾನ ಬೇಕಾಯಿತು. ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ದಾರಿ. ಚಾಲಕನು ದಿನವಿಡೀ ಕುಳಿತಿರುವವನು, ನಿರ್ವಾಹಕನು ಟಿಕೆಟ್ಟಿಗಾಗಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುವವನು. ನಿರ್ವಾಹಕರಲ್ಲಿ ಹೃದಯಾಘಾತವು ಗಣನೀಯವಾಗಿ ಕಡಿಮೆಯೆಂದು 1953ರಲ್ಲಿ ಅವರು ಪ್ರಕಟಿಸಿದರು. ನಡೆದೋ ಸೈಕಲ್ಲಿನ ಮೇಲೋ ಕಾಗದ ಹಂಚುವ ಅಂಚೆಯವರನ್ನೂ ಅದೇ ಇಲಾಖೆಯ ಗುಮಾಸ್ತರನ್ನೂ ಹೋಲಿಸಿದಾಗಲೂ ಫಲಿತಾಂಶ ಅದೇ ಆಗಿತ್ತು. ಕಾಗದ ಬರೆಯುವವನಿಗಿಂತ ಅದನ್ನು ಹೊತ್ತು ತಿರುಗುವವನ ಹೃದಯವೇ ಗಟ್ಟಿಯೆಂದಾಯಿತು! ಮಾರಿಸ್ ಅವರು ತಮ್ಮ ಸಂಶೋಧನೆಯನ್ನು ತಾವೇ ಪಾಲಿಸಿ 99 ವರ್ಷ ಬಾಳಿ, 2009ರಲ್ಲಿ ತೀರಿಕೊಂಡರು.

ಹಾಗಾದರೆ ಬರೆಯುವುದನ್ನೇ ಬಿಡಬೇಕೆ? ನಮ್ಮ ನಾಡಿನ ಹಿರಿಯ ಲೇಖಕರ ದಿನಚರಿಯೇ ಇದಕ್ಕೆ ಉತ್ತರ ಕೊಡುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಗವಿಪುರದ ತಮ್ಮ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದ ದೃಶ್ಯವು ಆ ಭಾಗದ ಹಳಬರಿಗೆ ಚಿರಪರಿಚಿತವಾಗಿತ್ತು. ಅವರು ಬಾಳಿದ್ದು 95 ವರ್ಷ. ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂದಾಗ ತೊಂಬತ್ತು ದಾಟಿತ್ತು. ಮಲೆನಾಡಿನ ಕಾಡು ಗುಡ್ಡಗಳಲ್ಲಿ ಅಲೆದು ಬೆಳೆದ ಕುವೆಂಪು ಅವರು ಮೈಸೂರಿನಲ್ಲಿ ನೆಲೆಸಿದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆಯನ್ನು ರೂಢಿಸಿಕೊಂಡಿದ್ದರು. ಆ ಕೆರೆಯ ಸೂರ್ಯೋದಯ, ಸೂರ್ಯಾಸ್ತ, ಹಕ್ಕಿಗಳು ಅವರ ಕವಿತೆಗಳೊಳಗೆ ಬಂದು ಸೇರಿಕೊಂಡವು. ನಡಿಗೆಯು ಅವರ ಕಾವ್ಯಕ್ಕೆ ಅಡ್ಡಿಯಾಗಲಿಲ್ಲ, ಒದಗಿ ಬಂದಿತು.

ಶಿವರಾಮ ಕಾರಂತರ ವಿಷಯ ಇನ್ನೂ ವಿಸ್ಮಯಕರವಾದುದು. ನಲವತ್ತಕ್ಕೂ ಮಿಕ್ಕಿ ಕಾದಂಬರಿ, ಜೊತೆಗೆ ವಿಜ್ಞಾನ, ಕಲೆ, ನಿಘಂಟು, ಮಕ್ಕಳ ಸಾಹಿತ್ಯ. ಇಷ್ಟೊಂದು ಬರೆದವರು ಕುರ್ಚಿಗೆ ಅಂಟಿಕೊಂಡೇ ಇದ್ದಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಅವರು ಒಂದು ಕಡೆ ನಿಂತವರೇ ಅಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಕುಣಿದರು. ಯಕ್ಷಗಾನದ ತಂಡ ಕಟ್ಟಿಕೊಂಡು ದೇಶ ವಿದೇಶ ಸುತ್ತಿದರು. ಮುಪ್ಪಿನಲ್ಲಿಯೂ ಕಲಾವಿದರಿಗೆ ತಾವೇ ಹೆಜ್ಜೆ ಹಾಕಿ ತೋರಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನು ಜನರ ಮುಂದಿಡಲು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. 1997ರಲ್ಲಿ ತೀರಿಕೊಳ್ಳುವವರೆಗೂ ಅವರ ಬರವಣಿಗೆ ನಿಲ್ಲಲಿಲ್ಲ. ಕೊನೆಗಾಲದಲ್ಲಿ ಬರೆದ ಪುಸ್ತಕಗಳಲ್ಲಿ ಹಕ್ಕಿಗಳನ್ನು ಕುರಿತದ್ದೂ ಒಂದು.

ವ್ಯಾಯಾಮವೊಂದಿದ್ದರೆ ದೀರ್ಘಾಯುಷ್ಯ ಖಚಿತವೆಂದು ಹೇಳುವುದು ಪ್ರಾಮಾಣಿಕವಾಗದು. ಹೊಸಗನ್ನಡದ ಮುಂಗೋಳಿ ಎನಿಸಿಕೊಂಡ ಮುದ್ದಣನ ನೆನಪು ಇಲ್ಲಿ ಬಾರದೆ ಇರದು. ನಂದಳಿಕೆಯ ಆ ಲಕ್ಷ್ಮೀನಾರಣಪ್ಪನು ಮದರಾಸಿನಲ್ಲಿ ಅಂಗಸಾಧನೆಯ ತರಬೇತಿ ಪಡೆದು ಬಂದು ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು. ಹಗಲು ಹುಡುಗರಿಗೆ ಡ್ರಿಲ್ಲು ಕಲಿಸಿದ ಕೈಯೇ ‘ಶ್ರೀರಾಮಾಶ್ವಮೇಧ’ವನ್ನು ಬರೆಯಿತು. ಆದರೂ ಬಡತನವೂ ಕ್ಷಯವೂ ಸೇರಿ 1901ರಲ್ಲಿ, ಇನ್ನೂ 31 ವರ್ಷದವನಿದ್ದಾಗಲೇ, ಅವನನ್ನು ಕೊಂಡೊಯ್ದವು. ಅಂದು ಕ್ಷಯಕ್ಕೆ ಮದ್ದಿರಲಿಲ್ಲ. ಇಂದು ಇದೆ. ಆದ್ದರಿಂದ ಹೊಟ್ಟೆಗೆ ಸರಿಯಾದ ಅನ್ನ, ಬೇನೆಗೆ ಸಕಾಲದ ಚಿಕಿತ್ಸೆ, ಇವೆರಡೂ ಇಲ್ಲದೆ ಬರಿಯ ಅಂಗಸಾಧನೆಯು ಮನುಷ್ಯನನ್ನು ಕಾಯಲಾರದೆಂಬುದನ್ನು ನೆನಪಿಡಬೇಕು. ಬಹಳ ದಿನಗಳಿಂದ ಕುಳಿತೇ ಇದ್ದವರು, ಎದೆನೋವು, ಏದುಸಿರು, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕಂಡ ಬಳಿಕವೇ ಹೊಸ ರೂಢಿಗೆ ತೊಡಗುವುದು ಕ್ಷೇಮ.

ಹೊರದೇಶದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬೇಕು. ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿ ಮೊದಲು ತೋಕಿಯೋದಲ್ಲಿ ಸಂಗೀತದ ಮದ್ಯಗೃಹವೊಂದನ್ನು ನಡೆಸುತ್ತಿದ್ದರು. ಅದನ್ನು ಮಾರಿ ಪೂರ್ಣಾವಧಿಯ ಬರಹಗಾರರಾದಾಗ ದಿನಕ್ಕೆ ಅರವತ್ತು ಸಿಗರೇಟು ಸೇದುತ್ತಿದ್ದರಂತೆ. ಕುಳಿತು ಬರೆಯುತ್ತ ಮೈ ಬೆಳೆಯತೊಡಗಿತು. 1982ರಲ್ಲಿ, 33ರ ವಯಸ್ಸಿನಲ್ಲಿ, ಓಡುವುದನ್ನು ಆರಂಭಿಸಿದರು. ಸಿಗರೇಟು ತಾನಾಗಿ ಬಿಟ್ಟುಹೋಯಿತು. ಕಾದಂಬರಿ ಬರೆಯುವ ದಿನಗಳಲ್ಲಿ ಅವರು ಬೆಳಗಿನ ನಾಲ್ಕಕ್ಕೆ ಎದ್ದು ಐದಾರು ತಾಸು ಬರೆಯುತ್ತಾರೆ, ಮಧ್ಯಾಹ್ನ ಹತ್ತು ಕಿಲೋಮೀಟರು ಓಡುತ್ತಾರೆ ಇಲ್ಲವೇ ಈಜುತ್ತಾರೆ, ರಾತ್ರಿ ಒಂಬತ್ತಕ್ಕೆ ಮಲಗುತ್ತಾರೆ. ದೊಡ್ಡ ಕಾದಂಬರಿಯನ್ನು ಬರೆದು ಮುಗಿಸಲು ಪ್ರತಿಭೆಯಷ್ಟೇ ದೇಹಬಲವೂ ಬೇಕೆಂಬುದು ಅವರ ಅಭಿಪ್ರಾಯ. ನಮ್ಮ ಓದುಗರು ಹತ್ತು ಕಿಲೋಮೀಟರು ಓಡಬೇಕೆಂದು ನಾವು ಹೇಳುತ್ತಿಲ್ಲ. ನಾಲ್ಕಕ್ಕೆ ಏಳುವ ರೂಢಿಯಂತೂ ನಮ್ಮ ಹಿರಿಯರಿಗೆ ಹೊಸದಲ್ಲ.

ನಡೆಯುವ ಹೊತ್ತೆಲ್ಲ ಬರವಣಿಗೆಗೆ ನಷ್ಟವೆಂದು ಚಿಂತಿಸುವವರಿಗೆ ಒಂದು ಸಮಾಧಾನವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕುಳಿತಿದ್ದಾಗಿಗಿಂತ ನಡೆಯುವಾಗ ಹೊಸ ಆಲೋಚನೆಗಳು ಸರಾಸರಿ ಶೇಕಡಾ 60ರಷ್ಟು ಹೆಚ್ಚಾಗಿ ಹೊಳೆದವು. ತೋಟ ಹೊಲಗಳ ಚೆಲುವೇ ಇದಕ್ಕೆ ಕಾರಣವಿರಬಹುದೆಂದು ಊಹಿಸಿದರೆ, ಬರಿಯ ಗೋಡೆಯತ್ತ ಮುಖ ಮಾಡಿ ಯಂತ್ರದ ಮೇಲೆ ನಡೆದವರಿಗೂ ಹಾಗೆಯೇ ಆಯಿತು. ನಡೆದು ಬಂದು ಕುಳಿತ ಮೇಲೂ ಸ್ವಲ್ಪ ಹೊತ್ತು ಆ ಗುಣ ಉಳಿಯಿತು. ಆದರೆ ಒಂದೇ ಖಚಿತ ಉತ್ತರವನ್ನು ಹುಡುಕಬೇಕಾದ ಸಮಸ್ಯೆಗಳಲ್ಲಿ ನಡಿಗೆಯಿಂದ ಲಾಭವಾಗಲಿಲ್ಲ. ಅಂದರೆ ಕಥೆಯ ಎಳೆಯನ್ನು ನಡೆಯುತ್ತ ಹುಡುಕಬಹುದು, ಕರಡು ತಿದ್ದುವುದನ್ನು ಕುಳಿತೇ ಮಾಡಬೇಕು. ಜೇಬಿನಲ್ಲೊಂದು ಚೀಟಿ, ತುಂಡು ಪೆನ್ಸಿಲು ಇದ್ದರೆ ಸಾಕು.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ಹಿಂದೆ ಲೆಕ್ಕ ಬರೆಯುವವರು, ಪುರಾಣ ಓದುವವರು ನೆಲದ ಮೇಲೆ ಚಾಪೆ ಹಾಸಿ, ಇಳಿಜಾರಾದ ಸಣ್ಣ ಡೆಸ್ಕನ್ನು ಮುಂದಿಟ್ಟುಕೊಂಡು ಕೂಡುತ್ತಿದ್ದರು. ಊಟವೂ ನೆಲದ ಮೇಲೆಯೇ. ಹೀಗಾಗಿ ದಿನಕ್ಕೆ ಹತ್ತಾರು ಸಲ ತೊಡೆ, ಸೊಂಟಗಳ ಬಲದಿಂದ ನೆಲ ಬಿಟ್ಟೇಳಬೇಕಾಗುತ್ತಿತ್ತು. ಯಾರೂ ಅದನ್ನು ವ್ಯಾಯಾಮವೆಂದು ಕರೆಯಲಿಲ್ಲವಷ್ಟೆ. ಕುರ್ಚಿ, ಊಟದ ಮೇಜು ಬಂದ ಮೇಲೆ ಆ ಬಲ ಮೆಲ್ಲನೆ ಇಳಿಯಿತು. ಮಂಡಿ ನೋವಿಲ್ಲದವರು ದಿನಕ್ಕೊಂದು ಊಟವನ್ನಾದರೂ ನೆಲದ ಮೇಲೆ ಕುಳಿತು ಮಾಡುವುದೊಳ್ಳೆಯದು. ನೆಲದ ಮೇಲೆ ಕೂಡಲಾರದವರು ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡಬಹುದು. ಅದೂ ತೊಡೆಗಳಿಗೆ ಕಸುವು ಕೊಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸೂಚನೆಯಂತೆ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂತಹ ಶ್ರಮವನ್ನು ಮಾಡಬೇಕು, ವಾರಕ್ಕೆರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕು. ಐದು ದಿನ ಅರ್ಧ ತಾಸಿನಂತೆ ನಡೆದರೂ ಮೊದಲ ಲೆಕ್ಕ ಮುಟ್ಟುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸಿರಬೇಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೆ ರಕ್ತದಲ್ಲಿ ಸಕ್ಕರೆಯ ಏರಿಕೆ ತಗ್ಗುತ್ತದೆ. ನಮ್ಮ ದೇಶದವರಿಗೆ ಮೈ ಅಷ್ಟಾಗಿ ದಪ್ಪವಾಗದಿದ್ದರೂ ಸಕ್ಕರೆ ಕಾಯಿಲೆ ಬರುವುದರಿಂದ ತೂಕಕ್ಕಿಂತ ಹೊಟ್ಟೆಯ ಸುತ್ತಳತೆಯ ಮೇಲೆ ಕಣ್ಣಿಡಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಕಣ್ಣಿನ ವಿಷಯದಲ್ಲಿ ಸುಲಭವಾದ ರೂಢಿಯೊಂದಿದೆ. ಪ್ರತಿ 20 ನಿಮಿಷಕ್ಕೊಮ್ಮೆ ತಲೆಯೆತ್ತಿ, 20 ಅಡಿ ಆಚೆಗಿನ ವಸ್ತುವನ್ನು 20 ಸೆಕೆಂಡು ನೋಡುವುದು. ಹಿತ್ತಲ ತೆಂಗಿನ ಗರಿ, ಎದುರು ಮನೆಯ ಹಂಚು, ಯಾವುದಾದರೂ ಆದೀತು.

ಬರೆಯುವ ಸೋದರಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. "ಹೆಂಗಸರಿಗೇಕೆ ವ್ಯಾಯಾಮ, ಮನೆಗೆಲಸವೇ ಸಾಲದೆ?" ಎಂದು ಕೇಳುವ ಗಂಡಸರು ಇಂದಿಗೂ ಇದ್ದಾರೆ. ಕಸ ಗುಡಿಸುವುದು, ನೀರು ಹೊರುವುದು, ನೆಲ ಒರೆಸುವುದು ಶ್ರಮವೇ ಸರಿ, ದೇಹಕ್ಕೆ ಅದರಿಂದ ಪ್ರಯೋಜನವೂ ಉಂಟು. ಆದರೆ ಒಲೆಯ ಮುಂದೆ ಮೂರು ತಾಸು ನಿಂತವಳ ಕಾಲು ಬಾತುಕೊಂಡರೆ ಅದನ್ನು ವ್ಯಾಯಾಮವೆಂದು ಹೇಗೆ ಕರೆಯುವುದು? ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ಅವರಿಗೆ 46ರ ಸುಮಾರಿಗೆ. ಸಂಸಾರದ ಭಾರ ಇಳಿದ ಮೇಲೆ ಬರೆಯತೊಡಗುವ ಇಂತಹ ಗೃಹಿಣಿಯರು ಇಂದೂ ಅನೇಕರು. ಎಲ್ಲರೂ ಮಲಗಿದ ಮೇಲೆ ಹನ್ನೊಂದು ಗಂಟೆಗೆ ಲೇಖನಿ ಹಿಡಿದು, ಬೆಳಗಿನ ಐದಕ್ಕೆ ಹಾಲು ಕಾಯಿಸಲು ಏಳುವವರಿಗೆ ಮೊದಲು ಬೇಕಾದದ್ದು ನಿದ್ರೆ, ಆಮೇಲೆ ಅರ್ಧ ತಾಸಿನ ಬಿಡುವು. ಸಂಜೆ ಆ ಅರ್ಧ ತಾಸು ಒಗ್ಗರಣೆಯ ಹೊಣೆಯನ್ನು ಮನೆಯ ಗಂಡಸರು ವಹಿಸಿಕೊಂಡರೆ ಆಕೆ ಬಯಲಿಗೆ ಹೋಗಿ ನಡೆದು ಬಂದಾಳು. ಬರವಣಿಗೆಯೂ ಹಗಲಿಗೆ ಬಂದೀತು.

ಬರೆಯುತ್ತ ಕುಳಿತವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅರ್ಧ ತಾಸಿಗೊಮ್ಮೆ ಏಳಬೇಕೆಂದು ಎಷ್ಟೇ ನಿಶ್ಚಯಿಸಿದರೂ ಮರೆತುಹೋಗುವುದು ಸಹಜ. ನೀರಿನ ತಂಬಿಗೆಯನ್ನು ಮೇಜಿನ ಮೇಲಿಡದೆ ಅಡುಗೆಮನೆಯಲ್ಲಿಯೇ ಇಡುವುದು ಒಂದು ಉಪಾಯ. ನಿಘಂಟನ್ನು ಪಕ್ಕದ ಕೋಣೆಯ ಕಪಾಟಿನಲ್ಲಿಡುವುದು ಇನ್ನೊಂದು. ಮೊಮ್ಮಕ್ಕಳಿರುವ ಮನೆಯಲ್ಲಿ ಇವೆರಡೂ ಬೇಕಾಗಲಾರವು. ಗಡಿಯಾರದ ದೊಡ್ಡ ಮುಳ್ಳು ಆರಕ್ಕೂ ಹನ್ನೆರಡಕ್ಕೂ ಬಂದಾಗಲೆಲ್ಲ "ಅಜ್ಜಾ, ಏಳ್ರಿ" ಎಂದು ಕೂಗುವ ಅಧಿಕಾರವನ್ನು ಅವರಿಗೆ ಕೊಟ್ಟುಬಿಟ್ಟರೆ ಸಾಕು. ಅಜ್ಜ ಮರೆತರೂ ಅವರು ಮರೆಯುವುದಿಲ್ಲ.