ನಿಮಗಿದು ಗೊತ್ತೇ? ಡ್ಯಾಶ್‌ಬೋರ್ಡಿಗೆ ಸಿಡಿದ ಕೆಸರು

ಕಂಪನಿಯ ಸಾಹೇಬರು ಬೆಳಗಿನ ಕಾಫಿ ಹೀರುತ್ತಾ ದಿಟ್ಟಿಸುವ ‘ಡ್ಯಾಶ್‌ಬೋರ್ಡ್’ ಎಂಬ ಪದ ಹುಟ್ಟಿದ್ದು ಕುದುರೆಗಾಡಿಯಲ್ಲಿ. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕೂತವರಿಗೆ ತಾಗದಿರಲೆಂದು ಮುಂದೆ ಅಡ್ಡಲಾಗಿ ಬಡಿದಿದ್ದ ಹಲಗೆ ಅದು. ಮೋಟಾರು ಬಂದ ಮೇಲೆ ಆ ಜಾಗದಲ್ಲಿ ಮೀಟರುಗಳು ಕೂತವು. ಕಂಪ್ಯೂಟರಿಗೆ ದಕ್ಕಿದ್ದು ಹೆಸರು ಮಾತ್ರ. ನಮ್ಮ ‘ಕಡತ’ದ ಕತೆಯೂ ಹೀಗೇ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ವರ್ತಕರು ಲೆಕ್ಕ ಬರೆಯುತ್ತಿದ್ದರು. ಬಟ್ಟೆ ಹೋಯಿತು, ಹೆಸರು ಸರ್ಕಾರಿ ಫೈಲಿಗೆ ಅಂಟಿಕೊಂಡಿತು.

ದತ್ತಾಂಶ ಜಾಲಾಡಿ ವ್ಯಾಪಾರದ ತೀರ್ಮಾನಕ್ಕೆ ಬರುವ ಕಸುಬಿನ ಹೆಸರು ‘ಬಿಸಿನೆಸ್ ಇಂಟೆಲಿಜೆನ್ಸ್’ ಸಾಫ್ಟ್‌ವೇರ್ ಯುಗದ ಮಾತು ಅಂದುಕೊಂಡಿದ್ದೀರಾ? 1865ರಲ್ಲೇ ಅಚ್ಚಾಗಿದೆ. ವ್ಯಾಪಾರಿಗಳ ಸ್ವಾರಸ್ಯಕರ ಪ್ರಸಂಗಗಳನ್ನು ಕಲೆಹಾಕಿದ ಅಮೆರಿಕದ ರಿಚರ್ಡ್ ಮಿಲ್ಲರ್ ಡೆವೆನ್ಸ್, ಲಂಡನ್ನಿನ ಬ್ಯಾಂಕರ್ ಸರ್ ಹೆನ್ರಿ ಫರ್ನೀಸ್ ಬಗ್ಗೆ ಈ ಮಾತು ಬಳಸಿದ. ಫರ್ನೀಸನಿಗೆ ಹಾಲೆಂಡ್, ಫ್ರಾನ್ಸ್, ಜರ್ಮನಿಗಳಲ್ಲೆಲ್ಲ ಸುದ್ದಿ ಮುಟ್ಟಿಸುವವರಿದ್ದರು. ಯುದ್ಧದ ಗೆಲುವು ಸೋಲು ಊರಿಗೆಲ್ಲ ತಿಳಿಯುವ ಮೊದಲೇ ಅವನ ಕಿವಿಗೆ ಬೀಳುತ್ತಿತ್ತು, ಅದೇ ಅವನ ಬಂಡವಾಳ. 1958ರಲ್ಲಿ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಈ ಹೆಸರನ್ನು ತನ್ನ ಲೇಖನದ ಶೀರ್ಷಿಕೆಗೆ ತಂದ. 1989ರಿಂದ ಅದನ್ನು ಉದ್ಯಮದ ಬಾಯಿಗೆ ಹಾಕಿದ್ದು ವಿಶ್ಲೇಷಕ ಹೋವರ್ಡ್ ಡ್ರೆಸ್ನರ್.

ಚಾರ್ಟುಗಳೂ ಹಳೆಯವೇ. ಗೆರೆಚಿತ್ರ, ಕಂಬಚಿತ್ರ ಹುಟ್ಟಿಸಿದವ: ವಿಲಿಯಂ ಪ್ಲೇಫೇರ್, 1786. ಪೈ ಚಾರ್ಟ್: ಅದೇ ಪುಣ್ಯಾತ್ಮ, 1801. ಇವತ್ತಿನ ದುಬಾರಿ ತಂತ್ರಾಂಶ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಇವೇ ಮೂರು.

ದತ್ತಾಂಶವನ್ನು ಚಿತ್ರವಾಗಿಸುವ ‘ಟ್ಯಾಬ್ಲೋ’ ತಂತ್ರಾಂಶ ಕಟ್ಟಿದ ಮೂವರಲ್ಲಿ ಒಬ್ಬರಾದ ಪ್ಯಾಟ್ ಹ್ಯಾನ್ರಹಾನ್ ಅದಕ್ಕೂ ಮೊದಲು ಪಿಕ್ಸಾರ್‌ನಲ್ಲಿದ್ದವರು. ‘ಟಾಯ್ ಸ್ಟೋರಿ’ಯ ಗೊಂಬೆಗಳಿಗೆ ಬೆಳಕು ನೆರಳು ತುಂಬಿದ ರೆಂಡರ್‌ಮ್ಯಾನ್ ತಂತ್ರಾಂಶದ ಹಿಂದಿನ ಒಂದು ಮುಖ್ಯ ಕೈ ಅವರದು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧನೆಯಿಂದ ಟಿಸಿಲೊಡೆದ ಟ್ಯಾಬ್ಲೋವನ್ನು 2019ರಲ್ಲಿ ಸೇಲ್ಸ್‌ಫೋರ್ಸ್ ಸುಮಾರು 1,570 ಕೋಟಿ ಡಾಲರಿಗೆ ಕೊಂಡಿತು.

ಕೋಟಿಗಟ್ಟಲೆ ಸಾಲುಗಳ ದತ್ತಾಂಶ ಲ್ಯಾಪ್‌ಟಾಪಿನಲ್ಲೇ ಹಿಡಿಸುವುದು ಹೇಗೆ? ಪವರ್ ಬಿಐ ಥರದ ತಂತ್ರಾಂಶಗಳು ಸಾಲು ಸಾಲಾಗಿ ಅಲ್ಲ, ಕಾಲಂ ಕಾಲಮ್ಮಾಗಿ ಜೋಡಿಸಿಡುತ್ತವೆ. ಕರ್ನಾಟಕದ ಒಂದು ಕೋಟಿ ಬಿಲ್ಲುಗಳಿವೆ ಅನ್ನಿ. ‘ಜಿಲ್ಲೆ’ ಕಾಲಮ್ಮಿನಲ್ಲಿ ಬರಬಹುದಾದ ಹೆಸರುಗಳು 31 ಮಾತ್ರ. ‘ಚಿಕ್ಕಬಳ್ಳಾಪುರ’ ಅಂತ ಲಕ್ಷ ಸಲ ಬರೆಯುವ ಬದಲು ಒಮ್ಮೆ ಬರೆದು, ಅದಕ್ಕೊಂದು ಪುಟ್ಟ ಸಂಖ್ಯೆ ಕೊಟ್ಟು, ಉಳಿದೆಡೆ ಆ ಸಂಖ್ಯೆಯನ್ನಷ್ಟೇ ಇಟ್ಟರೆ ಸಾಕು. ಒಂದೇ ಸಂಖ್ಯೆ ಸಾಲಾಗಿ ಬಂದರೆ ‘ಇದು ಇಷ್ಟು ಸಲ’ ಅಂತ ಬರೆದು ಇನ್ನಷ್ಟು ಜಾಗ ಉಳಿಸುತ್ತದೆ. ನಮ್ಮ ಶ್ಯಾನುಭೋಗರೂ ಮೇಲಿನಂತೆಯೇ ಕೆಳಗೂ ಇದ್ದರೆ ಎರಡು ಚುಕ್ಕಿ ಹಾಕಿ ಮುಂದೆ ಹೋಗಿರುತ್ತಿದ್ದರೇನೋ.

ಆದರೆ ಅದೇ ಪವರ್ ಬಿಐಗೆ ನಮ್ಮ ಲಕ್ಷ, ಕೋಟಿ ಸಲೀಸಲ್ಲ. ಚಾರ್ಟಿನಲ್ಲಿ ಅಂಕಿಗಳು ತಾವಾಗಿ ಕುಗ್ಗುವುದು ಸಾವಿರ, ಮಿಲಿಯನ್, ಬಿಲಿಯನ್ ಲೆಕ್ಕದಲ್ಲಿ. ಹನ್ನೆರಡೂವರೆ ಲಕ್ಷ ಅಲ್ಲಿ 1.25 ಮಿಲಿಯನ್.

ಜಿಲ್ಲೆಯ ಮೊತ್ತದ ಮೇಲೆ ಒತ್ತಿ ತಾಲ್ಲೂಕಿಗೆ, ಅಲ್ಲಿಂದ ಅಂಗಡಿಗೆ ಇಳಿಯುವುದಕ್ಕೆ ‘ಡ್ರಿಲ್ ಡೌನ್’ ಅನ್ನುತ್ತಾರೆ. ಬೋರ್‌ವೆಲ್ ಕೊರೆದ ಹಾಗೆ. ಕೊರೆಯದಿದ್ದರೆ ಏನಾಗುತ್ತದೆ? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶದ ಲೆಕ್ಕ ನೋಡಿ. ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ. 44 ಮಂದಿಗೆ ಸೀಟು, ಹೆಂಗಸರಲ್ಲಿ ಶೇ. 35ಕ್ಕೆ ಮಾತ್ರ. ಮೇಲ್ನೋಟಕ್ಕೆ ಸ್ಪಷ್ಟ ಅನ್ಯಾಯ. ವಿಭಾಗವಾರು ಬಿಡಿಸಿದಾಗ ಚಿತ್ರವೇ ಮಗುಚಿತು. ‘ಎ’ ಎಂದು ಗುರುತಿಸಿದ ವಿಭಾಗದಲ್ಲಿ ಗಂಡಸರಿಗೆ ಶೇ. 62, ಹೆಂಗಸರಿಗೆ ಶೇ. 82! ಸೀಟು ಸುಲಭವಾಗಿ ಸಿಗುತ್ತಿದ್ದ ಆ ವಿಭಾಗಕ್ಕೆ 825 ಗಂಡಸರು ಅರ್ಜಿ ಹಾಕಿದ್ದರೆ ಹೆಂಗಸರು ಬರೀ 108. ಅವರು ಹೆಚ್ಚಾಗಿ ಹೋಗಿದ್ದು ಯಾರಿಗೂ ಸುಲಭಕ್ಕೆ ಸೀಟು ಸಿಗದ ವಿಭಾಗಗಳಿಗೆ. ಒಟ್ಟು ಮೊತ್ತ ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿ ಸುಮ್ಮನಾಗಿತ್ತು. ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸವೆಂದು ಹೆಸರು. ಹೆಂಗಸರು ಆ ಕಷ್ಟದ ವಿಭಾಗಗಳನ್ನೇ ಯಾಕೆ ಆರಿಸಿಕೊಂಡರು ಎಂಬ ಪ್ರಶ್ನೆಯನ್ನು ಯಾವ ಗುಂಡಿಯೂ ಕೊರೆದು ಕೊಡಲಿಲ್ಲ, ಅದು ಬೇರೆ ಮಾತು.

ಅದೇ 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ನಾಲ್ಕು ಪಟ್ಟಿ ಮುಂದಿಟ್ಟ. ಪ್ರತಿಯೊಂದರಲ್ಲೂ 11 ಬಿಂದು. ಸರಾಸರಿಗಳು ಹೆಚ್ಚುಕಡಿಮೆ ಒಂದೇ, ಏರಿಳಿತವೂ ಒಂದೇ. ಚಿತ್ರ ಬರೆದರೆ ಒಂದು ಚದುರಿದ ಗೆರೆ, ಒಂದು ಬಾಗಿದ ಬಿಲ್ಲು, ಇನ್ನೆರಡರಲ್ಲಿ ಒಂದೊಂದು ಪುಂಡ ಬಿಂದು. ಸರಾಸರಿ ಕೇಳಿ ತೃಪ್ತರಾಗುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಡೈಪರ್ ಕೊಳ್ಳಲು ಬಂದ ಅಪ್ಪಂದಿರು ಬಿಯರನ್ನೂ ಒಯ್ಯುತ್ತಾರೆ, ಅದಕ್ಕೇ ಅಂಗಡಿಯವರು ಎರಡನ್ನೂ ಅಕ್ಕಪಕ್ಕ ಇಟ್ಟರು ಎಂಬ ಕತೆ ಪ್ರತಿ ತರಬೇತಿಯಲ್ಲೂ ಕಿವಿಗೆ ಬೀಳುತ್ತದೆ. ಅರ್ಧ ನಿಜ. 1990ರ ದಶಕದ ಆರಂಭದಲ್ಲಿ ಅಮೆರಿಕದ ಓಸ್ಕೊ ಮಳಿಗೆಗಳ ಬಿಲ್ಲುಗಳಲ್ಲಿ ಸಂಜೆ 5ರಿಂದ 7ರ ನಡುವೆ ಇಂಥ ಜೋಡಿ ಕಂಡದ್ದು ಹೌದು. ಆದರೆ ಯಾರೂ ಕಪಾಟು ಕದಲಿಸಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಕೆಂಪು ಇಳಿಕೆ, ಹಸಿರು ಏರಿಕೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಇವೆರಡರ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ!

ದತ್ತಾಂಶದ ಕಸುಬಿನವರ ನಡುವೆ ಓಡಾಡುವ ಹಳೇ ಜೋಕು: ಜಗತ್ತಿನಲ್ಲಿ ‘ಓಕೆ’, ‘ಕ್ಯಾನ್ಸಲ್’ ಬಿಟ್ಟರೆ ಅತಿ ಹೆಚ್ಚು ಒತ್ತಿಸಿಕೊಳ್ಳುವ ಗುಂಡಿ ‘ಎಕ್ಸ್‌ಪೋರ್ಟ್ ಟು ಎಕ್ಸೆಲ್’. ಒತ್ತುವ ಮುನ್ನ ಇಂಗ್ಲೆಂಡನ್ನು ನೆನೆಯಿರಿ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಅಲ್ಲಿನ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಜಾರಿಹೋದವು. ಹಳೇ ಮಾದರಿಯ ಎಕ್ಸೆಲ್ ಹಾಳೆಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಸದು, ಮಿಕ್ಕವು ಸದ್ದಿಲ್ಲದೆ ಉದುರಿದ್ದವು. ಹೊಸ ಮಾದರಿಯಲ್ಲಿ 10,48,576 ಸಾಲು ಹಿಡಿಸುತ್ತದೆ.

ಎಕ್ಸೆಲ್‌ನ ಇನ್ನೊಂದು ಚಾಳಿ, ಕಂಡದ್ದನ್ನೆಲ್ಲ ತಾರೀಖು ಮಾಡುವುದು. ‘ಮಾರ್ಚ್1’, ‘ಸೆಪ್ಟ್1’ ಎಂಬ ಮನುಷ್ಯರ ಜೀನುಗಳು ಹಾಳೆಗೆ ಇಳಿದೊಡನೆ ಕ್ಯಾಲೆಂಡರ್ ಸೇರುತ್ತಿದ್ದವು. ಕೊನೆಗೆ ಬೇಸತ್ತ ವಿಜ್ಞಾನಿಗಳು 27 ಜೀನುಗಳ ಹೆಸರನ್ನೇ ಬದಲಿಸಿದ್ದು 2020ರಲ್ಲಿ ಸುದ್ದಿಯಾಯಿತು. ಈ ಚಾಳಿಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದಿದ್ದು 2023ರಲ್ಲಿ. ಅಷ್ಟರಲ್ಲಿ ಜೀನುಗಳ ಮರುನಾಮಕರಣ ಮುಗಿದು ಮೂರು ವರ್ಷವಾಗಿತ್ತು.