ರಾಜತಾಂತ್ರಿಕರ ಮನೆಗೆಲಸದವರಿಗೆ ಯಾವ ದೇಶದ ಕಾನೂನು?

2013ರ ಡಿಸೆಂಬರ್ 17. ದೆಹಲಿಯ ಚಾಣಕ್ಯಪುರಿಯಲ್ಲಿ ಅಮೆರಿಕ ರಾಯಭಾರ ಕಚೇರಿಯ ಹೊರಗಿದ್ದ ಕಾಂಕ್ರೀಟ್ ತಡೆಗೋಡೆಗಳನ್ನು ಪೊಲೀಸರೇ ನಿಂತು ತೆಗೆಸಿದರು. ಟೀವಿ ಚಾನೆಲ್‌ಗಳಿಗೆ ಅವತ್ತು ಹಬ್ಬ. ಐದು ದಿನ ಮುಂಚೆ ನ್ಯೂಯಾರ್ಕ್‌ನಲ್ಲಿ ನಮ್ಮ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಗಡೆ ಮಕ್ಕಳನ್ನು ಶಾಲೆಗೆ ಬಿಡಲು ಹೋಗಿದ್ದಾಗ ಬಂಧಿಸಿದ್ದರು. ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದಾರೆ ಅನ್ನೋ ಸುದ್ದಿ ಬಂದ ಮೇಲಂತೂ ದೇಶಕ್ಕೆ ದೇಶವೇ ಕೊತಕೊತ ಕುದಿಯಿತು.

ದೆಹಲಿ ಸುಮ್ಮನೆ ಕೂರಲಿಲ್ಲ. ಅಮೆರಿಕದ ಕಾನ್ಸುಲೇಟ್ ಸಿಬ್ಬಂದಿ ಗುರುತಿನ ಚೀಟಿ ವಾಪಸ್ ಕೊಡಬೇಕು ಎಂದಿತು. ಅವರು ತರಿಸಿಕೊಳ್ಳುವ ಮದ್ಯಕ್ಕೂ ತಡೆ ಬಿತ್ತು. ಜತೆಗೆ ಇನ್ನೊಂದು ಪ್ರಶ್ನೆ: ನಿಮ್ಮ ಮನೆಗಳಲ್ಲಿರುವ ಭಾರತೀಯ ಕೆಲಸದವರಿಗೆ ಎಷ್ಟು ಸಂಬಳ ಕೊಡ್ತೀರಿ, ಲೆಕ್ಕ ತೋರಿಸಿ!

ನನಗೆ ಅನ್ನಿಸೋದು, ಆ ಗಲಾಟೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು ಅಂತ. ಯಾಕಂದ್ರೆ ಕೇಸ್ ಇದ್ದದ್ದೇ ಸಂಬಳದ ಬಗ್ಗೆ. ಭಾರತದಿಂದ ಕರೆದೊಯ್ದ ಮನೆಗೆಲಸದಾಕೆಯ ವೀಸಾ ಕಾಗದದಲ್ಲಿ ಗಂಟೆಗೆ 9.75 ಡಾಲರ್ ಎಂದಿತ್ತು. ಇನ್ನೊಂದು ಒಪ್ಪಂದದಲ್ಲಿ ತಿಂಗಳಿಗೆ 30,000 ರೂಪಾಯಿ. ಅಂದ್ರೆ ಗಂಟೆಗೆ ಮೂರು ಡಾಲರ್ ಚಿಲ್ಲರೆ ಅಂತ ಪ್ರಾಸಿಕ್ಯೂಟರ್ ಪ್ರೀತ್ ಭರಾರಾ ಅವರ ಕಚೇರಿ ಲೆಕ್ಕ ಹಾಕಿತು. ದೇವಯಾನಿ ಆರೋಪ ಒಪ್ಪಲಿಲ್ಲ. ಬಂಧಿಸಿದ ರೀತಿ ಒರಟಾಗಿತ್ತು, ನಿಜ. ಆದರೆ ಆ ಕೆಲಸದಾಕೆಯ ಮಾತು ನಮ್ಮ ಎಷ್ಟು ಚಾನೆಲ್‌ಗಳಲ್ಲಿ ಕೇಳಿಸಿತು, ಹೇಳಿ?

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ದೇಶದಲ್ಲಿ ವಿದೇಶಿ ಕಚೇರಿಗಳ ಕಾರಿನ ನೀಲಿ ನಂಬರ್ ಪ್ಲೇಟ್ ನೋಡಿರ್ತೀರಿ. ‘ಸಿಡಿ’ ಅಂತಿದ್ರೆ ರಾಯಭಾರ ಕಚೇರಿ, ‘ಸಿಸಿ’ ಅಂತಿದ್ರೆ ಕಾನ್ಸುಲೇಟ್. ರಾಯಭಾರ ಕಚೇರಿಗಳೆಲ್ಲ ದೆಹಲಿಯಲ್ಲೇ ಇರೋದ್ರಿಂದ ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಮ್ಮ ಪಕ್ಕ ನಿಲ್ಲೋದು ಹೆಚ್ಚಾಗಿ ಎರಡನೆಯದು. ಒಂದು ಅಕ್ಷರದ ವ್ಯತ್ಯಾಸ, ಕಾನೂನಿನಲ್ಲಿ ಆಕಾಶ ಭೂಮಿ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಯಭಾರ ಕಚೇರಿಯ ರಾಜತಾಂತ್ರಿಕರನ್ನು ಬಂಧಿಸುವಂತೆಯೇ ಇಲ್ಲ. ಅವರ ಮನೆಯೊಳಗೆ ಪೊಲೀಸರು ಕಾಲಿಡೋ ಹಾಗೂ ಇಲ್ಲ. ಕಾನ್ಸುಲ್ ಅಧಿಕಾರಿಗಳಿಗೆ 1963ರ ಬೇರೆ ಒಪ್ಪಂದ. ಅದರಲ್ಲಿ ರಕ್ಷಣೆ ಸಿಗೋದು ಮುಖ್ಯವಾಗಿ ಕಚೇರಿ ಕೆಲಸಕ್ಕೆ, ಗಂಭೀರ ಅಪರಾಧದ ಆರೋಪ ಇದ್ದರೆ ಬಂಧಿಸಲೂಬಹುದು. ದೇವಯಾನಿ ಸಿಕ್ಕಿಬಿದ್ದದ್ದು ಈ ಕಿಂಡಿಯಲ್ಲಿ. ಆಮೇಲೆ ಭಾರತ ಅವರನ್ನು ವಿಶ್ವಸಂಸ್ಥೆಯ ನಮ್ಮ ಕಚೇರಿಗೆ ವರ್ಗ ಮಾಡಿ ಪೂರ್ಣ ರಕ್ಷಣೆ ಕೊಡಿಸಿತು. 2014ರ ಜನವರಿಯಲ್ಲಿ ಅವರು ವಿಮಾನ ಹತ್ತಿದರು. ನಾವೂ ಇಲ್ಲಿಂದ ಒಬ್ಬ ಅಮೆರಿಕ ಅಧಿಕಾರಿಯನ್ನು ಕಳಿಸಿದೆವು. ಲೆಕ್ಕ ಚುಕ್ತಾ.

ಈಗ ಕನ್ನಡಿ ತಿರುಗಿಸಿ ನೋಡೋಣ. 2015ರ ಸೆಪ್ಟೆಂಬರ್, ಗುರುಗ್ರಾಮ, ಆಗಿನ ಗುರ್ಗಾಂವ್. ಸೌದಿ ರಾಜತಾಂತ್ರಿಕರೊಬ್ಬರು ವಾಸವಿದ್ದ ಫ್ಲ್ಯಾಟ್‌ನಿಂದ ನೇಪಾಳದ ಇಬ್ಬರು ಮಹಿಳೆಯರನ್ನು ಪೊಲೀಸರು ಬಿಡಿಸಿ ತಂದರು. ಕೂಡಿಹಾಕಿ ಅತ್ಯಾಚಾರ ಮಾಡಿದರು ಅನ್ನೋದು ಅವರ ದೂರು. ರಾಯಭಾರ ಕಚೇರಿ ಆರೋಪವನ್ನು ತಳ್ಳಿಹಾಕಿತು. ಸಾಲದು ಅಂತ, ಪೊಲೀಸರು ಮನೆಗೆ ನುಗ್ಗಿದ್ದೇ ತಪ್ಪು ಅಂತ ತಕರಾರು ತೆಗೆಯಿತು. ಒಂದೂವರೆ ವಾರದೊಳಗೆ ಆ ಅಧಿಕಾರಿ ದೇಶ ಬಿಟ್ಟರು. ನಮ್ಮ ಪೊಲೀಸರು ವಿಚಾರಣೆಗೂ ಕೂರಿಸಲಾಗಲಿಲ್ಲ. ಮಹಿಳೆಯರು ನೇಪಾಳಕ್ಕೆ ಮರಳಿದರು. ಈ ಸಲ ಯಾವ ತಡೆಗೋಡೆಯನ್ನೂ ಯಾರೂ ಕೀಳಲಿಲ್ಲ.

ಹಾಗಂತ ಈ ರಕ್ಷಣೆಯನ್ನೇ ಕಿತ್ತೆಸೆಯಿರಿ ಅನ್ನೋಕಾಗಲ್ಲ. ಅದಿಲ್ಲದಿದ್ರೆ ಯಾವುದೋ ಸರ್ಕಾರಕ್ಕೆ ಸಿಟ್ಟು ಬಂದಾಗಲೆಲ್ಲ ನಮ್ಮ ಅಧಿಕಾರಿಗಳು ಸುಳ್ಳು ಕೇಸಿನಲ್ಲಿ ಜೈಲು ಸೇರ್ತಾರೆ. ಅದರ ಕೀಲಿಕೈ ಇರೋದು ಕಳಿಸಿದ ದೇಶದ ಹತ್ತಿರ. 1997ರಲ್ಲಿ ವಾಷಿಂಗ್ಟನ್‌ನಲ್ಲಿ ಜಾರ್ಜಿಯಾ ದೇಶದ ರಾಜತಾಂತ್ರಿಕನೊಬ್ಬ ಕುಡಿದು ಕಾರು ಓಡಿಸಿ 16 ವರ್ಷದ ಹುಡುಗಿಯ ಸಾವಿಗೆ ಕಾರಣನಾದ. ಅಧ್ಯಕ್ಷ ಶೆವರ್ಡ್ನಾಡ್ಜೆ ಅವನ ರಕ್ಷಣೆ ಹಿಂಪಡೆದರು, ಅವನು ಅಮೆರಿಕದಲ್ಲೇ ಜೈಲಿಗೆ ಹೋದ. ಆದರೆ ಇಂಥ ಉದಾಹರಣೆ ಅಪರೂಪ. ಹೆಚ್ಚಿನ ದೇಶಗಳು ಮಾಡೋದು ಒಂದೇ: ಟಿಕೆಟ್ ಬುಕ್ ಮಾಡಿ ಊರಿಗೆ ಕರೆಸಿಕೊಳ್ಳೋದು. ಆತಿಥೇಯ ದೇಶಕ್ಕೆ ಉಳಿಯೋದು ‘ನೀವು ನಮಗೆ ಬೇಡ’ ಅಂತ ಹೊರಗೆ ಹಾಕುವ ಹಕ್ಕು ಮಾತ್ರ.

ಮನೆಗೆಲಸದವರ ಮಟ್ಟಿಗೆ ಬಾಗಿಲು ಸ್ವಲ್ಪ ತೆರೆದದ್ದು ಲಂಡನ್‌ನಲ್ಲಿ, 2022ರ ಜುಲೈನಲ್ಲಿ. ಸೌದಿ ರಾಜತಾಂತ್ರಿಕರೊಬ್ಬರ ಮನೆಯಲ್ಲಿ ದುಡಿದ ಫಿಲಿಪೀನ್ಸ್‌ನ ಮಹಿಳೆ, ತನ್ನನ್ನು ಹೊರಗೆ ಬಿಡದೆ, ಸಂಬಳವನ್ನೂ ಕೊಡದೆ ದುಡಿಸಿಕೊಂಡರು ಅಂತ ಕೇಸ್ ಹಾಕಿದ್ದರು. ಆರೋಪ ನಿಜವಾಗಿದ್ದರೆ, ಹೀಗೆ ಜೀತಕ್ಕಿಟ್ಟು ಲಾಭ ಪಡೆಯೋದು ಖಾಸಗಿ ವ್ಯವಹಾರ, ಅದಕ್ಕೆ ರಾಜತಾಂತ್ರಿಕ ರಕ್ಷಣೆ ಇಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಇದು ಸಿವಿಲ್ ಕೇಸ್, ಹಣ ಸಿಗಬಹುದೇ ಹೊರತು ಯಾರೂ ಜೈಲಿಗೆ ಹೋಗಲ್ಲ. ಆ ತೀರ್ಪೂ ಅವಿರೋಧವಾಗಿ ಬರಲಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಆಕೆಯ ಪರ, ಇಬ್ಬರು ವಿರುದ್ಧ.