ವೈರ್‌ಲೆಸ್ ಇದ್ದರೂ ಬೈಕ್ ಯಾಕೆ ಬೇಕಿತ್ತು?

ಮಹಾಯುದ್ಧದ ಸಿನಿಮಾಗಳಲ್ಲಿ ನಾವೆಲ್ಲ ಈ ದೃಶ್ಯ ನೋಡಿರ್ತೀವಿ. ಧೂಳೆಬ್ಬಿಸಿಕೊಂಡು ಒಬ್ಬ ಸೈನಿಕ ಬೈಕಿನಲ್ಲಿ ಬರ್ತಾನೆ, ಚೀಲದಿಂದ ಲಕೋಟೆ ತೆಗೆದು ಅಧಿಕಾರಿಗೆ ಕೊಡ್ತಾನೆ, ಸೆಲ್ಯೂಟ್ ಹೊಡೆದು ಹೊರಟುಹೋಗ್ತಾನೆ. ಇವನೇ ಡಿಸ್ಪ್ಯಾಚ್ ರೈಡರ್. ಅದೇ ಡೇರೆಯಲ್ಲಿ ವೈರ್‌ಲೆಸ್ ಸೆಟ್ ಇರುತ್ತೆ, ಫೀಲ್ಡ್ ಟೆಲಿಫೋನೂ ಇರುತ್ತೆ. ಅಷ್ಟೆಲ್ಲ ಇದ್ದ ಮೇಲೆ ಇವನ್ಯಾಕೆ? ಹೆಚ್ಚಾಗಿ ಬ್ರಿಟಿಷ್ ಸೇನೆಯ ಉದಾಹರಣೆಗಳನ್ನೇ ಇಟ್ಟುಕೊಂಡು ಉತ್ತರ ನೋಡೋಣ.

ತಂತಿಯ ಕಷ್ಟ

ಮೊದಲನೇ ಮಹಾಯುದ್ಧದಲ್ಲಿ ಕಂದಕಗಳ ನಡುವೆ ಮಾತಾಡಲು ಟೆಲಿಫೋನ್ ತಂತಿ ಎಳೆಯುತ್ತಿದ್ದರು. ಶೆಲ್ ಬಿದ್ದರೆ ತಂತಿ ತುಂಡು. ಅದಕ್ಕೇ ಕೇಬಲ್ಲನ್ನು 6 ಅಡಿ ಆಳದಲ್ಲಿ ಹೂಳುವ ಪದ್ಧತಿ ಬಂತು. ಇನ್ನೊಂದು ತೊಂದರೆ ಇನ್ನೂ ಕುತೂಹಲದ್ದು. ತಂತಿ ಉಳಿಸಲು ಒಂದೇ ತಂತಿ ಹಾಕಿ, ಭೂಮಿಯನ್ನೇ ರಿಟರ್ನ್ ಪಾತ್ ಮಾಡಿಕೊಂಡಿದ್ದರು. ಸರ್ಕ್ಯೂಟ್ ಪೂರ್ತಿಯಾಗುತ್ತೆ, ಸರಿ. ಆದರೆ ಕರೆಂಟ್ ಮಣ್ಣಿನಲ್ಲಿ ಹರಡಿಕೊಳ್ಳುತ್ತಲ್ಲ! ಎದುರು ಕಂದಕದ ಜರ್ಮನ್ನರು ನೆಲಕ್ಕೆ ಸರಳು ನೆಟ್ಟು, ಆಂಪ್ಲಿಫೈಯರ್ ಜೋಡಿಸಿ, ಕೂತಲ್ಲಿಂದಲೇ ಮಾತು ಕೇಳಿಸಿಕೊಳ್ಳುತ್ತಿದ್ದರು.

ಗಾಳಿಯ ಕಷ್ಟ

ವೈರ್‌ಲೆಸ್ಸಿಗೆ ತಂತಿಯ ಹಂಗಿಲ್ಲ, ಆದರೆ ಅದರ ಅಲೆ ಶತ್ರುವಿನ ಆಂಟೆನಾಗೂ ಬಡಿಯುತ್ತೆ. 1914ರ ಆಗಸ್ಟ್‌ನಲ್ಲಿ ಟ್ಯಾನೆನ್‌ಬರ್ಗ್ ಕದನದ ಹೊತ್ತಿಗೆ ರಷ್ಯನ್ನರು ಹಲವು ಆದೇಶಗಳನ್ನು ಗುಪ್ತಲಿಪಿಗೆ ಬದಲಿಸದೆ ನೇರವಾಗಿ ರೇಡಿಯೋದಲ್ಲಿ ಕಳಿಸಿದರು. ಜರ್ಮನ್ನರು ಕೇಳಿಸಿಕೊಂಡರು. ಆ ಕದನದಲ್ಲಿ ರಷ್ಯಾದ ಎರಡನೇ ಸೇನೆ ನುಚ್ಚುನೂರಾಯಿತು.

ಹಾಗಾದ್ರೆ ಎನ್‌ಕ್ರಿಪ್ಟ್ ಮಾಡಿ ಕಳಿಸಿದರಾಯ್ತಲ್ಲ? ಅಷ್ಟಕ್ಕೇ ಮುಗಿಯಲ್ಲ. ಸಂದೇಶ ಓದಲಾಗದಿದ್ದರೂ ಯಾವ ದಿಕ್ಕಿನಿಂದ ಬಂತು, ಎಷ್ಟು ಸಲ ಬಂತು ಅಂತ ಅಳೆಯಬಹುದು. ನಿನ್ನೆವರೆಗೆ ತಣ್ಣಗಿದ್ದ ಜಾಗದಿಂದ ಇವತ್ತು ಒಂದೇ ಸಮನೆ ಸಿಗ್ನಲ್ ಬರುತ್ತಿದ್ದರೆ ಅಲ್ಲಿ ಏನೋ ತಯಾರಿ ನಡೆದಿದೆ ಅಂತ ಗೊತ್ತಾಗಿಬಿಡುತ್ತೆ. ಅದಕ್ಕೇ ದೊಡ್ಡ ದಾಳಿಗೆ ಮುಂಚೆ ರೇಡಿಯೋ ಮೌನ ಪಾಲಿಸುತ್ತಿದ್ದರು. ಆ ಹೊತ್ತಿನಲ್ಲಿ ಕಾಗದ ಓಡಾಡಬೇಕಾದರೆ ಬೈಕೇ ಗತಿ.

ಸ್ವಲ್ಪ ಲೆಕ್ಕ

ಕೈಯಲ್ಲಿ ಮೋರ್ಸ್ ಕಳಿಸುವ ವೇಗ ನಿಮಿಷಕ್ಕೆ 20 ಪದ ಅಂದುಕೊಳ್ಳಿ. 2,000 ಪದಗಳ ಆದೇಶಕ್ಕೆ 100 ನಿಮಿಷ ಬೇಕು. ಗುಪ್ತಲಿಪಿಗೆ ಬದಲಿಸಿ, ಆ ಕಡೆ ಮತ್ತೆ ಬಿಡಿಸುವ ಸಮಯ ಬೇರೆ. ಅದೇ 20 ಕಿಲೋಮೀಟರ್ ದೂರವನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರ 30 ನಿಮಿಷದಲ್ಲಿ ಮುಟ್ಟುತ್ತಾನೆ. ಅವನ ಚೀಲದಲ್ಲಿ ಅಂಥ ಹತ್ತು ಆದೇಶ, ಜೊತೆಗೆ ನಕ್ಷೆ, ವಿಮಾನದಿಂದ ತೆಗೆದ ಫೋಟೋ ಎಲ್ಲ ಹಿಡಿಯುತ್ತೆ. ನಮ್ಮ ನೆಟ್‌ವರ್ಕ್ಸ್ ಪಾಠದ ಭಾಷೆಯಲ್ಲಿ ಹೇಳೋದಾದ್ರೆ ಬೈಕಿನ ಲೇಟೆನ್ಸಿ ಜಾಸ್ತಿ, ಥ್ರೂಪುಟ್ಟೂ ಜಾಸ್ತಿ. 'ಟ್ಯಾಂಕ್ ಬಂತು' ಅನ್ನೋದಕ್ಕೆ ರೇಡಿಯೋ, ನಾಳೆಯ ಪೂರ್ತಿ ಯೋಜನೆಗೆ ಬೈಕು.

ಅಕ್ನಾಲೆಜ್‌ಮೆಂಟ್ ಕೂಡ ಇತ್ತು. ಲಕೋಟೆ ಪಡೆದವರು ಸಹಿ ಹಾಕಿ, ಸಮಯ ಬರೆದುಕೊಡಬೇಕು. ನಿಗದಿತ ವೇಳೆಗೆ, ನಿಗದಿತ ದಾರಿಯಲ್ಲಿ ಓಡುವ ಟಪಾಲು ಒಂದು ಬಗೆ. ತುರ್ತು ಲಕೋಟೆ ಬಂದರೆ ಅದಕ್ಕೆಂದೇ ಬೇರೆ ಸವಾರ. ಬ್ರಿಟಿಷ್ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಹೆಣ್ಣುಮಕ್ಕಳೂ ಈ ಕೆಲಸ ಮಾಡಿದರು. ನಾರ್ಟನ್ 16ಎಚ್, ಬಿಎಸ್‌ಎ ಎಂ20, ಮ್ಯಾಚ್‌ಲೆಸ್ ಜಿ3 ಇವೆಲ್ಲ ಆ ಕಾಲದ ಗಾಡಿಗಳು. ನಮ್ಮ ದೇಶದ ಸಿಗ್ನಲ್ಸ್ ದಳ ಹುಟ್ಟಿದ್ದು 1911ರ ಫೆಬ್ರವರಿ 15ರಂದು. ಗಣರಾಜ್ಯೋತ್ಸವದ ಪರೇಡಿನಲ್ಲಿ ಬೈಕುಗಳ ಮೇಲೆ ಪಿರಮಿಡ್ ಕಟ್ಟುವ 'ಡೇರ್ ಡೆವಿಲ್ಸ್' ತಂಡ ಈ ದಳದ್ದೇ. ಸಿಗ್ನಲ್ಸಿಗೂ ಬೈಕಿಗೂ ಏನು ನಂಟು ಅಂತ ಈಗ ಅರ್ಥವಾಗಿರಬೇಕು.

ತಲೆಯ ಬೆಲೆ

ಈ ಚಾನಲ್ಲಿಗೆ ಒಂದು ದೊಡ್ಡ ದೋಷ ಇತ್ತು. ಇಲ್ಲಿ ಪ್ಯಾಕೆಟ್ ಕಳೆದುಹೋದರೆ ಅದರ ಜೊತೆ ಒಬ್ಬ ಮನುಷ್ಯನೂ ಹೋಗುತ್ತಾನೆ. ಯುದ್ಧಕಾಲದ ಬ್ರಿಟನ್ನಿನಲ್ಲಿ ಬ್ಲ್ಯಾಕ್‌ಔಟ್ ಇತ್ತು. ಬೀದಿದೀಪ ಇಲ್ಲ, ಹೆಡ್‌ಲೈಟಿಗೆ ಮುಸುಕು. ಶತ್ರು ಬಂದಿಳಿದರೆ ದಾರಿ ತಿಳಿಯಬಾರದು ಅಂತ 1940ರಲ್ಲಿ ಕೈಕಂಬಗಳನ್ನೂ ಕಿತ್ತಿದ್ದರು. ಅಂಥ ಕತ್ತಲಲ್ಲಿ ಸವಾರ ವೇಗವಾಗಿ ಹೋಗಬೇಕು.

ಆಕ್ಸ್‌ಫರ್ಡಿನ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಇದನ್ನು ಗಮನಿಸಿದರು. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರಲ್ಲಿ ಬೈಕಿನಿಂದ ಬಿದ್ದು, ಆರು ದಿನ ಪ್ರಜ್ಞೆ ಬಾರದೆ ತೀರಿಕೊಂಡಾಗ ಅವರನ್ನು ನೋಡಿಕೊಂಡ ವೈದ್ಯರಲ್ಲಿ ಕೇರ್ನ್ಸ್ ಕೂಡ ಇದ್ದರು. 1941ರಲ್ಲಿ ಅವರು ಒಂದು ಪ್ರಬಂಧ ಪ್ರಕಟಿಸಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂಬದಿ ಸವಾರರು 2,279 ಮಂದಿ. ಹೆಲ್ಮೆಟ್ ಧರಿಸಿ ಅಪಘಾತಕ್ಕೆ ಸಿಕ್ಕವರು ಕೇರ್ನ್ಸ್ ಕಣ್ಣಿಗೆ ಬಿದ್ದಿದ್ದು ಏಳೇ ಜನ. ಏಳೂ ಜನ ಬದುಕಿದ್ದರು.

ಏಳು ಅನ್ನೋದು ತೀರಾ ಸಣ್ಣ ಸ್ಯಾಂಪಲ್ ಅಂತ ನಾವು ವಾದ ಮಾಡಬಹುದು. ಸೇನೆ ವಾದ ಮಾಡುತ್ತಾ ಕೂರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ತನ್ನ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿತು. ಆಮೇಲೆ ಸಾವು ಕಡಿಮೆಯಾದದ್ದನ್ನು ಕೇರ್ನ್ಸ್ 1946ರ ಪ್ರಬಂಧದಲ್ಲಿ ತೋರಿಸಿದರು. ಬ್ರಿಟನ್ನಿನ ಜನಸಾಮಾನ್ಯರಿಗೆ ಈ ನಿಯಮ ಬರಲು ಮಾತ್ರ 1973ರವರೆಗೆ ಕಾಯಬೇಕಾಯಿತು.

ಲಕೋಟೆಯ ಕೆಲಸವನ್ನು ಈಗ ಫೋನು ಮಾಡುತ್ತೆ. ಆ ಸವಾರರಿಂದ ನಮಗೆ ಉಳಿದಿರೋದು ಹೆಲ್ಮೆಟ್. 'ಹಾಸ್ಟೆಲ್ಲಿಂದ ಗೇಟಿಗೆ ಅರ್ಧ ಕಿಲೋಮೀಟರ್ ತಾನೇ' ಅಂತ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋಗುವವರು ನಮ್ಮಲ್ಲೂ ಇದ್ದೀವಿ. ಬೀಳುವಾಗ ದೂರ ಲೆಕ್ಕಕ್ಕೆ ಬರಲ್ಲ. ತಲೆಗೆ ಹಾಕ್ಕೊಳ್ಳೋಣ, ಸ್ಟ್ರ್ಯಾಪನ್ನೂ ಬಿಗಿ ಮಾಡ್ಕೊಳ್ಳೋಣ.